ಜಿಮೇಲ್ ತುಂಬಿದೆ, ಅಪ್ಪನ ಚಿತ್ರಗಳನ್ನು ಅಳಿಸಲೇ?

ಪ್ರಶ್ನೆ: ನಮ್ಮದು ಬಿದ್ರಿ ಕೆಲಸದ ಮನೆತನ. ಹೊರ ಊರಿನ ಗಿರಾಕಿಗಳು ಇಮೇಲ್‌ನಲ್ಲಿ ಆರ್ಡರ್ ಕಳುಹಿಸುತ್ತಾರೆ. ಎರಡು ವಾರದಿಂದ ಅವರ ಪತ್ರಗಳು ವಾಪಸ್ ಹೋಗುತ್ತಿವೆಯಂತೆ. ಖಾತೆಯಲ್ಲಿ ಜಾಗ ಭರ್ತಿಯಾಗಿದೆ ಎಂಬ ಸೂಚನೆ ಬರುತ್ತಿದೆ. ಹಳೆಯ ಪತ್ರಗಳನ್ನು ಅಳಿಸಿದರೂ ಪ್ರಯೋಜನವಾಗಲಿಲ್ಲ. ಫೋಟೊಗಳು ಹೇಗೂ ಫೋನಿನಲ್ಲಿವೆ, ಗೂಗಲ್ ಫೋಟೋಸ್‌ನಲ್ಲಿರುವುದನ್ನೆಲ್ಲ ಅಳಿಸಬಹುದೇ? ತೀರಿಕೊಂಡ ಅಪ್ಪ ಮಾಡಿದ ಸುರಾಹಿ, ಹೂದಾನಿಗಳ ಚಿತ್ರಗಳೂ ಅದರಲ್ಲಿವೆ.
— ಓದುಗರೊಬ್ಬರು, ಬೀದರ್

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬ್ಯಾಕಪ್ ಚಾಲೂ ಇರುವ ಫೋನಿನ ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಚಿತ್ರವನ್ನು ಅಳಿಸಿದರೆ ಅದು ಕ್ಲೌಡ್‌ನಿಂದಲೂ ಹೋಗುತ್ತದೆ, ಫೋನಿನಿಂದಲೂ ಹೋಗುತ್ತದೆ. ಎರಡು ಕಡೆ ಕಾಣುವುದರಿಂದ ಎರಡು ಪ್ರತಿ ಇವೆ ಎಂದು ನಂಬಿ ಕಳೆದುಕೊಂಡವರು ಬಹಳ ಮಂದಿ. ಈಗಾಗಲೇ ಕೆಲವನ್ನು ಅಳಿಸಿದ್ದರೆ ಗಾಬರಿಯಾಗಬೇಡಿ. ಬ್ಯಾಕಪ್ ಆಗಿದ್ದ ಚಿತ್ರಗಳು 60 ದಿನ ಫೋಟೋಸ್‌ನ ಕಸದ ಬುಟ್ಟಿಯಲ್ಲಿರುತ್ತವೆ. ಇವತ್ತೇ ಹಿಂದಕ್ಕೆ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಮೊದಲು ಅಪ್ಪನ ಚಿತ್ರಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಒಂದು ಹಾರ್ಡ್ ಡಿಸ್ಕ್‌ನಲ್ಲಿಡಿ, ಮೂಲ ಗಾತ್ರದಲ್ಲೇ. ಫೋಟೋಸ್‌ನಲ್ಲಿ ಚಿತ್ರಗಳನ್ನು ಕುಗ್ಗಿಸಿಡುವ ‘ಸ್ಟೋರೇಜ್ ಸೇವರ್’ ಆಯ್ಕೆಗೆ ಬದಲಿಸಿದರೆ ಜಾಗ ಉಳಿಯುವುದು ನಿಜ, ಆದರೆ ಕುಗ್ಗಿದ ಚಿತ್ರ ಮತ್ತೆ ಮೊದಲಿನಂತಾಗುವುದಿಲ್ಲ. ಕೋಟೆಯ ಮಣ್ಣಿನಲ್ಲಿ ಅದ್ದಿ ಕಪ್ಪೇರಿದ ಮೈಮೇಲೆ ಬೆಳ್ಳಿಯ ಎಳೆ ಎಲ್ಲಿ ಬಾಗಿದೆ, ಎಲೆಯ ತುದಿ ಎಲ್ಲಿ ಮುಗಿದಿದೆ ಎಂದು ನಾಳೆ ಹಿಗ್ಗಿಸಿ ನೋಡಬೇಕಾದವರು ನೀವೇ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದ ಪ್ರತಿಯನ್ನೂ ಮೂಲವೆಂದು ಎಣಿಸಬೇಡಿ, ಅದು ಕುಗ್ಗಿಯೇ ಬಂದಿರುತ್ತದೆ.

ಇನ್ನು ಜಾಗದ ಮಾತು. ಉಚಿತವಾಗಿ ಸಿಗುವ 15 ಜಿಬಿ ಜಿಮೇಲ್‌ ಒಂದಕ್ಕೇ ಅಲ್ಲ, ಡ್ರೈವ್ ಮತ್ತು ಫೋಟೋಸ್‌ಗೂ ಸೇರಿದ್ದು. 2021ರ ಜೂನ್ 1ಕ್ಕೆ ಮುಂಚೆ ‘ಹೈ ಕ್ವಾಲಿಟಿ’ಯಲ್ಲಿ (ಸ್ಟೋರೇಜ್ ಸೇವರ್‌ನ ಹಳೆಯ ಹೆಸರು) ಏರಿಸಿದ ಫೋಟೊಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿಂದೀಚಿನವು ಬರುತ್ತವೆ. ಅಂದರೆ ಆ ಹಳೆಯ ಚಿತ್ರಗಳನ್ನು ಅಳಿಸಿದರೆ ನಿಮಗೆ ಒಂದಿಷ್ಟೂ ಜಾಗ ಸಿಗದು! ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಇದೇ 15 ಜಿಬಿಯಲ್ಲಿ ಕೂರುತ್ತದೆ. ಆರ್ಡರ್‌ಗಳಿಗೆ ಅಡ್ಡ ನಿಂತಿರುವುದು ನೆಂಟರ ಮದುವೆಯ ವಿಡಿಯೊಗಳೇ ಇರಬಹುದು.

ವಾಟ್ಸ್‌ಆ್ಯಪ್ ಬ್ಯಾಕಪ್‌ನ ಸೆಟ್ಟಿಂಗ್‌ನಲ್ಲಿ ವಿಡಿಯೊಗಳನ್ನು ಕೈಬಿಟ್ಟು ಹೊಸದಾಗಿ ಬ್ಯಾಕಪ್ ಮಾಡಿ. ಆಮೇಲೆ ಗೂಗಲ್ ಖಾತೆಯ ಸ್ಟೋರೇಜ್ ಪುಟಕ್ಕೆ ಹೋದರೆ ದೊಡ್ಡ ಫೈಲುಗಳು, ಭಾರವಾದ ಲಗತ್ತುಗಳಿರುವ ಪತ್ರಗಳು ಸಾಲಾಗಿ ಕಾಣುತ್ತವೆ. ಬೇಡದ್ದನ್ನು ಅಲ್ಲಿಂದ ತೆಗೆಯಿರಿ. ಜಿಮೇಲ್ ಮತ್ತು ಡ್ರೈವ್‌ನ ಕಸದ ಬುಟ್ಟಿಗಳನ್ನು ಖಾಲಿ ಮಾಡುವುದನ್ನು ಮರೆಯಬೇಡಿ. ಇಲ್ಲವಾದರೆ ಅಳಿಸಿದ್ದೂ 30 ದಿನ ಅಲ್ಲೇ ಜಾಗ ಹಿಡಿದಿರುತ್ತದೆ. ನೀವು ಪತ್ರ ಅಳಿಸಿದರೂ ಫಲ ಸಿಗದಿರುವುದಕ್ಕೆ ಇದೂ ಕಾರಣವಿರಬಹುದು.

ವಾಪಸ್ ಹೋದ ಪತ್ರಗಳು ಜಾಗವಾದ ಮೇಲೆ ತಾವಾಗಿ ಬಂದು ಸೇರುವುದಿಲ್ಲ. ಗಿರಾಕಿಗಳಿಗೆ ಫೋನ್ ಮಾಡಿ, ಈ ಎರಡು ವಾರದ ಆರ್ಡರ್‌ಗಳನ್ನು ಮತ್ತೊಮ್ಮೆ ಕಳುಹಿಸಲು ಹೇಳಿ.