ಬೇಯ್ಸ್ ಬದಲಿಸುವ ಮೊದಲು ಪದಗಳನ್ನು ನೋಡಿ

ಪ್ರಶ್ನೆ: ರಾಯಚೂರಿನಲ್ಲಿ ಎಂಸಿಎ ಓದುತ್ತಿದ್ದೇನೆ. ರೈತರ ಕನ್ನಡ ಮೆಸೇಜುಗಳನ್ನು ಹತ್ತಿ, ಭತ್ತ, ತೊಗರಿ ಎಂದು ವಿಂಗಡಿಸುವುದು ನನ್ನ ಪ್ರಾಜೆಕ್ಟ್. ಪೈಥಾನ್‌ನ ಮಷೀನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್‌ನಲ್ಲಿ ಗಾಸಿಯನ್ ನೈವ್ ಬೇಯ್ಸ್ (ಸಂಭವನೀಯತೆಯ ಲೆಕ್ಕದಿಂದ ವಿಂಗಡಿಸುವ ವಿಧಾನ) ಹಾಕಿದೆ, ಅರ್ಧಕ್ಕರ್ಧ ತಪ್ಪು. ಅದರ ಬೇರೆ ಬಗೆಗಳಾದ ಮಲ್ಟಿನಾಮಿಯಲ್, ಬರ್ನೂಲಿ, ಕಾಂಪ್ಲಿಮೆಂಟ್‌ಗಳಲ್ಲಿ ಯಾವುದು ಹಾಕಲಿ?

ಉತ್ತರ: ಗಾಸಿಯನ್ ಮೊದಲು ಬಿಡಿ. ಅದು ಭತ್ತದ ತೇವಾಂಶ, ಕಾಳಿನ ತೂಕದಂಥ ಅಳತೆಗಳಿಗೆ ಸರಿ. ಮೆಸೇಜಿನ ಪದಗಳ ಎಣಿಕೆಯಲ್ಲಿ ಬಹುಪಾಲು ಸೊನ್ನೆಯೇ ಇರುತ್ತದೆ, ಅಲ್ಲಿ ಸರಾಸರಿ ಸುತ್ತ ಗಂಟೆಯಾಕಾರ ಎಲ್ಲಿಂದ ಬರಬೇಕು?

ಮಲ್ಟಿನಾಮಿಯಲ್ ಪದ ಎಷ್ಟು ಸಲ ಬಂತು ಅಂತ ನೋಡುತ್ತದೆ. ಬರ್ನೂಲಿಗೆ ಬಂತಾ ಇಲ್ವಾ ಅಷ್ಟೇ ಸಾಕು, ಆದರೆ ಬಾರದ ಪದವನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ: 'ನಾಟಿ' ಇಲ್ಲದಿರುವುದೇ ಇದು ಭತ್ತವಲ್ಲ ಅನ್ನೋದಕ್ಕೆ ಒಂದು ಸುಳಿವು. 1998ರಲ್ಲಿ ಸಂಶೋಧಕರಾದ ಮೆಕ್ಯಾಲಮ್ ಮತ್ತು ನಿಗಮ್ ಇವೆರಡನ್ನೂ ಹೋಲಿಸಿದಾಗ ಪದಪಟ್ಟಿ ಚಿಕ್ಕದಿದ್ದಲ್ಲಿ ಬರ್ನೂಲಿ, ದೊಡ್ಡದಾದಲ್ಲಿ ಮಲ್ಟಿನಾಮಿಯಲ್ ಮೇಲಾಗಿತ್ತು. 2003ರಲ್ಲಿ ಬಂದ ಕಾಂಪ್ಲಿಮೆಂಟ್ ತೊಗರಿಯ ಲೆಕ್ಕವನ್ನು ತೊಗರಿಯಲ್ಲದ ಮೆಸೇಜುಗಳಿಂದ ಹಾಕುತ್ತದೆ. ನಿಮ್ಮ ಕಡೆ ಹತ್ತಿ, ಭತ್ತದ ಮೆಸೇಜೇ ರಾಶಿ ಬಿದ್ದು ತೊಗರಿಯದು ಬೆರಳೆಣಿಕೆಯಷ್ಟಿದ್ದರೆ ಇದೇ ಒಳ್ಳೆಯದು.

ಆದರೆ ನನ್ನ ಅನುಮಾನ ಬೇರೆ ಕಡೆ ಇದೆ. ಕೌಂಟ್‌ವೆಕ್ಟರೈಸರ್ (ಮೆಸೇಜನ್ನು ಪದಗಳಾಗಿ ಒಡೆದು ಎಣಿಸುವ ಸಾಧನ) ಹಾಗೇ ಬಳಸಿದ್ದೀರಾ? ಹಾಗಿದ್ದರೆ ಅದು ಮಾಡಿಕೊಂಡ ಪದಪಟ್ಟಿಯನ್ನು ಒಮ್ಮೆ ಪ್ರಿಂಟ್ ಮಾಡಿ ನೋಡಿ, ಗಾಬರಿಯಾಗ್ತೀರಿ. ಅದರ ಮೂಲ ನಿಯಮಕ್ಕೆ ನಮ್ಮ ಗುಣಿತದ ಚಿಹ್ನೆಗಳು, ಒತ್ತಕ್ಷರ ಮಾಡುವ ಹಲಂತ ಚಿಹ್ನೆ ಯಾವುದೂ ಅಕ್ಷರವೇ ಅಲ್ಲ, ಅವು ಬಂದಲ್ಲೆಲ್ಲ ಪದ ಕಡಿದುಬಿಡುತ್ತದೆ, ಒಂಟಿ ಉಳಿದ ಅಕ್ಷರವನ್ನು ಎಸೆಯುತ್ತದೆ. ಹೀಗಾಗಿ 'ಹತ್ತಿ' ಹೋಗಿ 'ಹತ' ಆಗುತ್ತದೆ. 'ತೊಗರಿ'ಯಲ್ಲಿ ಉಳಿಯುವುದು 'ಗರ'. 'ಹುಳ' ಪೂರ್ತಿ ಮಾಯ! 'ಹುಳ ಬಿದ್ದಿದೆ' ಅಂತ ಬರೆದ ರೈತನ ಮಾತು ಮಾಡೆಲ್‌ಗೆ ತಲುಪೇ ಇಲ್ಲ ಅಂದಮೇಲೆ ಬೇಯ್ಸ್‌ನ ಯಾವ ತಮ್ಮನನ್ನು ಕರೆತಂದರೇನು? ನಾನೂ ಇದರಲ್ಲಿ ಎರಡು ದಿನ ಸುಮ್ನೆ ಕಳೆದಿದ್ದೇನೆ.

ಟೋಕನ್ ಪ್ಯಾಟರ್ನ್ (ಪದ ಒಡೆಯುವ ಆ ನಿಯಮ) ಬದಲಿಸಿ, ಖಾಲಿ ಜಾಗ ಇದ್ದಲ್ಲಿ ಮಾತ್ರ ಪದ ಒಡೆಯಲಿ. ಆಮೇಲೂ 'ಹತ್ತಿಗೆ', 'ಹತ್ತಿಯಲ್ಲಿ' ಬೇರೆ ಬೇರೆ ಪದಗಳಾಗಿ ಕಾಣುತ್ತವೆ, ಅದಕ್ಕೆ 3ರಿಂದ 5 ಅಕ್ಷರಗಳ ಎನ್-ಗ್ರಾಮ್ (ಸಾಲಾಗಿ ಬರುವ ಅಕ್ಷರಗಳ ತುಂಡು) ಹಾಕಿ ನೋಡಿ. ನಾನಾಗಿದ್ದರೆ ಅದರ ಮೇಲೆ ಮೊದಲು ಕಾಂಪ್ಲಿಮೆಂಟ್, ಆಮೇಲೆ ಮಲ್ಟಿನಾಮಿಯಲ್ ಓಡಿಸುತ್ತಿದ್ದೆ, ಆಲ್ಫಾವನ್ನು (ಕಾಣದ ಪದಕ್ಕೆ ಸೊನ್ನೆ ಬರದಂತೆ ಎಣಿಕೆಗೆ ಸೇರಿಸುವ ಸಂಖ್ಯೆ) 1ರಲ್ಲೇ ಬಿಡದೆ 0.1ಕ್ಕೂ ಇಳಿಸಿ. ತೊಗರಿ ಎಷ್ಟು ಸಿಕ್ಕಿತು ಅಂತ ಬೇರೆಯಾಗಿಯೇ ಎಣಿಸಿ.