3 ತಿಂಗಳಿಂದ ಪ್ರಕಾಶಕರ ಉತ್ತರ ಇಲ್ಲ, ದುಡ್ಡು ಕೊಟ್ಟು ಪುಸ್ತಕ ಮಾಡಿಸ್ಲಾ?

ನೀವು ಕೇಳಿರೋದು ಇಷ್ಟು: ಐಟಿ ಕೆಲಸ, ಮಾರತಹಳ್ಳಿ ಕಡೆ ಮನೆ, ಐದಾರು ವರ್ಷದಲ್ಲಿ 11 ಕತೆ ಬರೆದಿದೀರ, ಬೆಂಗಳೂರಿನದೇ ಒಂದು ಸಣ್ಣ ಪ್ರಕಾಶನಕ್ಕೆ ಮೇಲ್ ಮಾಡಿ 3 ತಿಂಗಳಾಯ್ತು, ಒಂದಕ್ಷರ ಉತ್ತರ ಇಲ್ಲ. ಅಷ್ಟರಲ್ಲಿ ಇನ್ಯಾರೋ 40 ಸಾವಿರ ಕೊಡಿ ಒಂದೇ ತಿಂಗಳಲ್ಲಿ ಪುಸ್ತಕ ಕೈಗಿಡ್ತೀವಿ ಅಂದಿದಾರೆ. ಕೊಡ್ಲಾ ಬೇಡ್ವಾ ಅಂತ.

ಈಗ್ಲೇ ಕೊಡಬೇಡಿ. ನಾನು ಕೊಟ್ಟಿದ್ದೆ, ಅದಕ್ಕೇ ಹೇಳ್ತಿದೀನಿ.

2011ರಲ್ಲಿ ನನ್ನ ಮೊದಲ ಕಥಾಸಂಕಲನಕ್ಕೆ 35 ಸಾವಿರ ಕೊಟ್ಟೆ. ಪುಸ್ತಕ ಬರಲಿಲ್ಲ ಅಂತಲ್ಲ, ಬಂತು, ಎರಡು ಆಟೋದಲ್ಲಿ ಬಂಡಲ್ ಬಂಡಲ್ ಬಂತು. ಐಎಸ್‌ಬಿಎನ್‌ಗೆ, ಅಂದ್ರೆ ಪುಸ್ತಕದ ಗುರುತಿನ ನಂಬರ್‌ಗೆ ಅಂತ ಬೇರೆ 2 ಸಾವಿರ ಇಸ್ಕೊಂಡಿದ್ರು, ಆಮೇಲೆ ಗೊತ್ತಾಯ್ತು ಅದು ನಮ್ಮ ದೇಶದಲ್ಲಿ ಪುಕ್ಕಟೆ, ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಕೊಡೋದು, ಒಂದು ಪೈಸೆ ತಗೊಳಲ್ಲ, ಲೇಖಕರೇ ಬೇಕಾದ್ರೂ ಅರ್ಜಿ ಹಾಕ್ಬಹುದು. ಅದ್ ಹೋಗ್ಲಿ. 62ನೇ ಪುಟದಲ್ಲಿ ನಾಗರತ್ನ ಅಂತಿದ್ದ ಹೆಂಗಸು 64ನೇ ಪುಟಕ್ಕೆ ಬರೋ ಹೊತ್ತಿಗೆ ರತ್ನಮ್ಮ ಆಗಿದ್ಲು. ತಪ್ಪು ನಂದೇ, ಎರಡು ಡ್ರಾಫ್ಟ್ ಸೇರಿಸೋವಾಗ ಆಗಿರೋದು. ಆದ್ರೆ ಪುಸ್ತಕ ಮಾಡ್ದೋರಲ್ಲಿ ಒಬ್ರ ಕಣ್ಣಿಗೂ ಅದು ಬಿದ್ದಿಲ್ಲ ಅಂದ್ರೆ ಏನರ್ಥ, ಯಾರೂ ಓದೇ ಇಲ್ಲ ಅಂತ ತಾನೇ. ಕಂಪ್ಯೂಟರಲ್ಲಿ ಪುಟ ಜೋಡಿಸೋ ಡಿಟಿಪಿಯವನಿಗೆ ಪುಟದ ಲೆಕ್ಕ, ಮಾಲೀಕರಿಗೆ ಚೆಕ್ಕಿನ ಲೆಕ್ಕ. ಕೊನೆಗೆ ನಮ್ಮತ್ತಿಗೆ ಫೋನ್ ಮಾಡಿ "ಮಧ್ಯದಲ್ಲಿ ಇದ್ಯಾರೋ ಹೊಸಬಳು ಬಂದ್ಲಲ್ಲ" ಅಂದಾಗ್ಲೇ ನನಗೂ ಗೊತ್ತಾಗಿದ್ದು. ಇವತ್ತಿಗೂ ಮಂಚದ ಕೆಳಗೆ ಎರಡು ಬಂಡಲ್ ಇದೆ. ಗೃಹಪ್ರವೇಶ ನಾಮಕರಣ ಎಲ್ಲದಕ್ಕೂ ಅದನ್ನೇ ಕೊಟ್ಟೂ ಕೊಟ್ಟೂ, ಈಗ ನಾನು ಕೈಲಿ ಚೀಲ ಹಿಡ್ಕೊಂಡು ಬಂದ್ರೆ ನೆಂಟರು ಹೆದರ್ತಾರೆ.

ಎರಡನೇ ಪುಸ್ತಕ ಒಂದು ಸಣ್ಣ ಪ್ರಕಾಶನದಲ್ಲಿ ಬಂತು. ಹಸ್ತಪ್ರತಿ ಕೊಟ್ಟು 5 ತಿಂಗಳು ಸುದ್ದಿಯೇ ಇಲ್ಲ, ನಾನೂ ಆಸೆ ಬಿಟ್ಟಿದ್ದೆ, ಆಮೇಲೊಂದು ಭಾನುವಾರ ಪ್ರಕಾಶಕರು ಗಾಂಧಿಬಜಾರ್ ಹತ್ರ ಒಂದು ದರ್ಶಿನಿಗೆ ಬನ್ನಿ ಅಂದ್ರು. ನನ್ನ 12 ಕತೆ ಪ್ರಿಂಟ್ ತಗೊಂಡು ಬಂದಿದ್ರು, ಪೂರ್ತಿ ಪೆನ್ಸಿಲ್ ಗೀಟು. ಕಾಫಿ ಬರೋಕೆ ಮುಂಚೆನೇ ಶುರು ಹಚ್ಕೊಂಡ್ರು: "ಇಬ್ರು ಅಜ್ಜಿ ಸಾಯ್ತಾರೆ, ಒಬ್ಬ ತಾತ ಸಾಯ್ತಾನೆ, ಒಂದು ಎಮ್ಮೆ ಸಾಯುತ್ತೆ, ಏನ್ರೀ ಇದು? ಕತೆ ಮುಗಿಸೋದು ಹೇಗೆ ಅಂತ ಗೊತ್ತಾಗ್ದೇ ಇದ್ದಾಗೆಲ್ಲ ಯಾರನ್ನೋ ಒಬ್ರನ್ನ ಸಾಯಿಸ್ತೀರಲ್ಲ ನೀವು." ನನಗೆ ಮೈ ಉರಿದುಹೋಯ್ತು. ಆಮೇಲೆ "ಕಣ್ಣಂಚಲ್ಲಿ ನೀರು ಜಿನುಗಿತು" ಅನ್ನೋ ಸಾಲಿಗೆ 7 ಕಡೆ ಸುತ್ತು ಹಾಕಿದ್ದು ತೋರಿಸಿದ್ರು. ಒಂದು ಕತೇಲಿ ಹುಡುಗಿ ಮೆಜೆಸ್ಟಿಕ್‌ನಲ್ಲಿ ತುಮಕೂರು ಬಸ್ ಹತ್ತಿ, ನೆಲಮಂಗಲ ದಾಟಿ, ಆಮೇಲೆ ಕಿಟಕೀಲಿ ಯಶವಂತಪುರ ನೋಡ್ತಾಳೆ. ಹಿಂದಕ್ಕೆ ಹೋಗೋ ಬಸ್ಸಾ ಅಂದ್ರು. ಎರಡೂವರೆ ಗಂಟೆ ಕೂತಿದ್ವಿ, 3 ಕತೆ ತೆಗೆದ್ರು, 5 ಕತೇದು ಕೊನೇ ಪ್ಯಾರಾ ಹೊಡೆದಾಕಿದ್ರು, ಎಮ್ಮೆ ಮಾತ್ರ ಸಾಯ್ಲಿ ಅಂತ ಒಪ್ಕೊಂಡ್ರು.

ಸಣ್ಣ ಪ್ರಕಾಶನದಿಂದ ಸಿಗೋದು ಇದೇ, ಇದೊಂದೇ ಅಂದ್ರೂ ಸರಿ. ದುಡ್ಡಂತೂ ಸಿಗಲ್ಲ. ಎದುರು ಕೂತು ನಿಮ್ಮ ಸಾಲು ಓದೋ ಒಬ್ಬ ಮನುಷ್ಯ ಸಿಗ್ತಾರೆ, ಅದಕ್ಕೇ ಕಾಯೋದು. ಬರೀ ಪ್ರಿಂಟ್ ಸಾಕು ಅಂದ್ರೆ ಈಗಿನ ಡಿಜಿಟಲ್ ಪ್ರೆಸ್‌ನಲ್ಲಿ 50 ಪ್ರತಿ ಬೇಕಾದ್ರೂ ನೀವೇ ಮಾಡಿಸ್ಕೋಬಹುದು, ಮಧ್ಯದಲ್ಲಿ ಇನ್ನೊಬ್ರಿಗೆ ಯಾಕೆ 40 ಸಾವಿರ.

ಆ 3 ತಿಂಗಳ ಮೌನದ ವಿಷಯಕ್ಕೆ ಬರ್ತೀನಿ. ನಾನೀಗ ಹಗಲು ವಿಮಾ ಕಂಪನೀಲಿ ಕೆಲಸ, ಭಾನುವಾರ ನನ್ನ ಎರಡನೇ ಪುಸ್ತಕ ತಂದ ಅದೇ ಪ್ರಕಾಶಕರಿಗೆ ಬಂದ ಹಸ್ತಪ್ರತಿ ಓದಿ ಕೊಡ್ತೀನಿ, ಸಂಬಳ ಇಲ್ಲ, ಕಾಫಿ ಇದೆ. ಹಾಗಾಗಿ ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಗೊತ್ತು. ಪ್ರಕಾಶನ ಅಂದ್ರೆ ನೀವು ಆಫೀಸು, ರಿಸೆಪ್ಷನ್ನು ಅಂದ್ಕೊಂಡಿರ್ತೀರ. ಎರಡನೇ ಮಹಡಿ ಮನೆ, ಹಾಲ್‌ನಲ್ಲಿ ಸೋಫಾ ಇರಬೇಕಾದ ಕಡೆ ಪುಸ್ತಕದ ಬಂಡಲ್, ಅದರ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆ. ಹಸ್ತಪ್ರತಿ ಓದೋರು, ಡಿಟಿಪಿಗೆ ಓಡೋರು, ಮುಖಪುಟದ ಕಲಾವಿದರ ಬೆನ್ನು ಹತ್ತೋರು, ಪಾರ್ಸೆಲ್‌ಗೆ ಟೇಪ್ ಹಚ್ಚೋರು ಎಲ್ಲಾ ಒಬ್ರೇ. ಮೊದಲೆಲ್ಲ 1000 ಪ್ರತಿ ಹಾಕಿಸೋರು, ಈಗ 300, 500. ಗ್ರಂಥಾಲಯ ಇಲಾಖೆ ಸಗಟು ಖರೀದೀಲಿ ಆಯ್ಕೆ ಆದ್ರೆ ಒಂದಷ್ಟು ಪ್ರತಿ ಹೋಗುತ್ತೆ, ಆದ್ರೆ ಆ ಬಿಲ್ ಯಾವಾಗ ಪಾಸಾಗುತ್ತೆ ಅನ್ನೋದು ದೇವ್ರಿಗೇ ಗೊತ್ತು, ಹಿಂದಿನ ಪುಸ್ತಕದ ದುಡ್ಡು ಬರದೇ ಮುಂದಿನದಕ್ಕೆ ಪೇಪರ್ ಕೊಳ್ಳೋಕಾಗಲ್ಲ. ಹೀಗಿರೋವಾಗ ನಿಮ್ಮ ಮೇಲ್‌ಗೆ ಉತ್ತರ ಬಂದಿಲ್ಲ ಅಂದ್ರೆ ಕತೆ ಚೆನ್ನಾಗಿಲ್ಲ ಅಂತಲ್ಲ, ಬಹುಶಃ ಫೈಲೇ ತೆರೆದಿಲ್ಲ.

ಫೈಲ್ ತೆರೆದ್ರೂ ಓದೋಕೆ ಆಗ್ಬೇಕಲ್ಲ. ಇದು ನಿಮಗೆ ಸಣ್ಣ ವಿಷಯ ಅನ್ನಿಸಬಹುದು, ಆದ್ರೆ ನಾನು ನೋಡಿದ ಹಾಗೆ ಅರ್ಧಕ್ಕರ್ಧ ತಡ ಆಗೋದು ಇಲ್ಲೇ. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿರ್ತೀರ, ಡಿಟಿಪಿಯವರಲ್ಲಿ ಇನ್ನೂ ಎಷ್ಟೋ ಜನ ಯೂನಿಕೋಡ್ ಅಲ್ಲದ ಹಳೇ 'ನುಡಿ' ಫಾಂಟ್, ಪುಟ ಜೋಡಿಸೋ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಬಿಟ್ಟಿಲ್ಲ, ಕನ್ವರ್ಟ್ ಮಾಡೋವಾಗ ಅರ್ಕಾವೊತ್ತು ಎಲ್ಲೋ ಹಾರಿಹೋಗುತ್ತೆ, ಉದ್ಧರಣ ಚಿಹ್ನೆ ಇರೋ ಕಡೆ ಯಾವುದೋ ಒತ್ತಕ್ಷರ ಬಂದು ಕೂರುತ್ತೆ, ಮಧ್ಯದಲ್ಲಿ ಎರಡು ಇಂಗ್ಲಿಷ್ ಅಕ್ಷರ ಇದ್ರೆ ಅದು ಕನ್ನಡ ಲಿಪೀಲಿ ಮಂತ್ರದ ಥರ ಆಗುತ್ತೆ. ಒಂದು ಕತೇಲಿ ಇಂಗ್ಲಿಷ್‌ನಲ್ಲಿ ಬರೆದಿದ್ದ "ಓಕೆ" ಅನ್ನೋದೆಲ್ಲ ಏನೇನೋ ಆಗಿ, ಪಾತ್ರಕ್ಕೆ ತೊದಲು ಇರಬೇಕು ಅಂತ ಅಂದ್ಕೊಂಡೇ ನಾನು ನಾಲ್ಕು ಪುಟ ಓದಿದೀನಿ. ಹಾಗಾಗಿ ಯೂನಿಕೋಡ್ ವರ್ಡ್ ಫೈಲ್ ಒಂದು, ಜೊತೆಗೆ ಅದರದ್ದೇ ಪಿಡಿಎಫ್ ಒಂದು, ಎರಡೂ ಕಳಿಸಿ. ಪಿಡಿಎಫ್‌ನಲ್ಲಿ ಅಕ್ಷರ ಸ್ವಲ್ಪ ದೊಡ್ಡದಿರ್ಲಿ, ಯಾಕಂದ್ರೆ ಅದನ್ನ ಮೆಟ್ರೋದಲ್ಲಿ ನಿಂತ್ಕೊಂಡು ಫೋನಲ್ಲೇ ಓದ್ತಾರೆ. ಎಲ್ಲಾ ಕತೆ ಒಂದೇ ಫೈಲಲ್ಲಿ, ಪುಟಸಂಖ್ಯೆ ಹಾಕಿ, ನಿಮ್ಮ ಹೆಸರು ನಂಬರ್ ಒಳಗಡೆನೂ ಇರ್ಲಿ. ಒಬ್ರು ನೋಟ್‌ಬುಕ್‌ನ 46 ಫೋಟೋ ತೆಗೆದು ವಾಟ್ಸಾಪ್ ಮಾಡಿದ್ರು, ಕೆಲವು ಅಡ್ಡಡ್ಡ. ಅದೂ ಒಳ್ಳೇ ಕತೆನೇ ಇರಬಹುದು ಪಾಪ.

ಪತ್ರ ಚಿಕ್ಕದಾಗಿರ್ಲಿ. ಎಷ್ಟು ಕತೆ, ಸುಮಾರು ಎಷ್ಟು ಪದ (ನನ್ನದು 28 ಸಾವಿರ ಪದ, ಡೆಮಿ ಅಷ್ಟ, ಅಂದ್ರೆ ಮಾಮೂಲಿ ಪುಸ್ತಕದ ಸೈಜಲ್ಲಿ 136 ಪುಟ ಆಯ್ತು), ಯಾವ ಕತೆ ಎಲ್ಲಿ ಅಚ್ಚಾಗಿದೆ. ಆಮೇಲೆ, ಇದು ತುಂಬಾ ಮುಖ್ಯ, ಅವರು ತಂದಿರೋ ಪುಸ್ತಕದಲ್ಲಿ ಒಂದೆರಡು ನಿಜವಾಗ್ಲೂ ಓದಿ ಯಾಕೆ ಅವರಿಗೇ ಕಳಿಸ್ತಿದೀರ ಅಂತ ಎರಡು ಸಾಲು. ಸುಮ್ನೆ ಹೊಗಳಿಕೆ ಬೇಡ. ಗಾಂಧಿಬಜಾರ್‌ನ ಅಂಕಿತ ಪುಸ್ತಕದ ಅಂಗಡೀಲೋ ಗಾಂಧಿನಗರದ ಸಪ್ನಾ ಬುಕ್ ಹೌಸಲ್ಲೋ ಒಂದು ಶನಿವಾರ ನಿಂತ್ಕೊಂಡು ನಾಲ್ಕೈದು ಪುಸ್ತಕದ ಒಳಪುಟ ತಿರುವಿದ್ರೆ ಯಾವ ಪ್ರಕಾಶನ ಕರಡು ತಿದ್ದುತ್ತೆ ಯಾವುದು ತಿದ್ದಲ್ಲ ಅಂತ ನಿಮಗೇ ಗೊತ್ತಾಗುತ್ತೆ. ಮೂರು ಪುಟದಲ್ಲಿ ಎರಡು ಅಕ್ಷರತಪ್ಪು ಕಂಡ್ರೆ ಅಲ್ಲಿಗೆ ಕಳಿಸ್ಬೇಡಿ. ದೊಡ್ಡವರ ಮುನ್ನುಡಿ ಮೊದಲೇ ಬರೆಸ್ಕೊಂಡು ಕಳಿಸೋ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ನನಗಂತೂ ಮುನ್ನುಡಿ ಕಂಡ ತಕ್ಷಣ ಸಂಶಯ ಶುರುವಾಗುತ್ತೆ, ಕತೆ ತಾನೇ ನಿಲ್ಲಲ್ವೇನೋ ಅಂತ. ನಿಮ್ಮ ಬೆಸ್ಟ್ ಕತೆ ಮೊದಲು ಇಡಿ. "ಮೂರನೇ ಕತೆಯಿಂದ ಚೆನ್ನಾಗಿದೆ ಸಾರ್" ಅಂದ್ರೆ ಅಲ್ಲೀತನಕ ಯಾರು ಬರ್ತಾರೆ.

ಕಥಾಸಂಕಲನ ಹೋಗಲ್ಲ, ಕಾದಂಬರಿ ತನ್ನಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದಿದ್ದು ಕತೆಗಳಿಗೇ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ ತಂದ 'ಅಂಡ್ ಅದರ್ ಸ್ಟೋರೀಸ್' ಕೂಡ ಲಂಡನ್ನಿನ ದೊಡ್ಡ ಕಂಪನಿ ಅಲ್ಲ, ಶೆಫೀಲ್ಡ್ ಊರಿನ ಸಣ್ಣ ಪ್ರಕಾಶನ. ನಮ್ಮಲ್ಲೇ ನೋಡಿ, ಮನೋಹರ ಗ್ರಂಥಮಾಲೆ 1933ರಿಂದ ಧಾರವಾಡದಲ್ಲೇ ಇದೆ, ಅಕ್ಷರ ಪ್ರಕಾಶನ ಹೆಗ್ಗೋಡಿನಂಥ ಹಳ್ಳೀಲಿದೆ. ಬೆಂಗಳೂರು ಪಿನ್‌ಕೋಡೇ ಆಗ್ಬೇಕು ಅಂತೇನಿಲ್ಲ.

ನಿಮ್ಮದು ಮೊದಲ ಸಂಕಲನ ಆಗಿರೋದ್ರಿಂದ ಇನ್ನೆರಡು ದಾರಿ ಇದೆ. ಕತೆಗಾರ ವಸುಧೇಂದ್ರ ಅವರ ಛಂದ ಪುಸ್ತಕ ಅನ್ನೋ ಪ್ರಕಾಶನ ಮೊದಲ ಕಥಾಸಂಕಲನಗಳಿಗೆ ಅಂತಲೇ ಹಸ್ತಪ್ರತಿ ಸ್ಪರ್ಧೆ ಮಾಡುತ್ತೆ, ಗೆದ್ದ ಹಸ್ತಪ್ರತೀನ ಅವರೇ ಪುಸ್ತಕ ಮಾಡ್ತಾರೆ (ಅವರೂ ಸಾಫ್ಟ್‌ವೇರ್‌ನಲ್ಲಿ ಇದ್ದವರೇ, ನಿಮಗೆ ಸಮಾಧಾನ ಆಗ್ಲಿ ಅಂತ ಹೇಳ್ದೆ). ಜೆ.ಸಿ. ರಸ್ತೆ ಕನ್ನಡ ಭವನದಲ್ಲಿರೋ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಧನಸಹಾಯ ಕೊಡುತ್ತೆ, ಪ್ರಕಟಣೆ ಬಂದಾಗ ವಯಸ್ಸಿನ ಮಿತಿ ನೋಡ್ಕೊಳ್ಳಿ. ಇನ್ನು ಬಿಡಿ ಕತೆ ಮಯೂರಕ್ಕೋ, ಸುಧಾಕ್ಕೋ, ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆಗೋ ಕಳಿಸ್ತಾನೇ ಇರಿ. ಆದ್ರೆ ಹಸ್ತಪ್ರತಿ ಇಬ್ರಿಗೆ ಒಟ್ಟಿಗೆ ಕಳಿಸಿದ್ರೆ ಇಬ್ರಿಗೂ ಹೇಳಿ. ಒಂದ್ಸಲ ನಾನು ಓದಿ, ತಿದ್ದಿ, ಮುಖಪುಟಾನೂ ಆದ್ಮೇಲೆ ಆ ಲೇಖಕರ ಪುಸ್ತಕ ಬೇರೆ ಕಡೆಯಿಂದ ಬಿಡುಗಡೆ ಆಗ್ತಿರೋ ಆಹ್ವಾನಪತ್ರಿಕೆ ನಮಗೇ ಬಂತು, ಭಾನುವಾರ ಬೆಳಗ್ಗೆ ಹತ್ತೂವರೆಗೆ, ಉಪಾಹಾರದ ವ್ಯವಸ್ಥೆ ಇದೆ ಅಂತ. ಹೋಗಿ ಉಪ್ಪಿಟ್ಟು ತಿಂದು ಬಂದ್ವಿ.

ಒಪ್ಪಿದ್ರು ಅಂದ್ಕೊಳ್ಳಿ. ಖುಷೀಲಿ ಬಾಯಿಮಾತಲ್ಲಿ ಬಿಡ್ಬೇಡಿ, ಒಂದು ಪುಟ ಆದ್ರೂ ಬರವಣಿಗೇಲಿ ಇರ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡೋದು ಲಿಖಿತವಾಗೇ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ ಅಂದ್ರೆ 5 ವರ್ಷ, ಎಲ್ಲಿಗೆ ಅಂತ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಹಕ್ಕು ತಗೊಂಡು 1 ವರ್ಷದಲ್ಲಿ ಅವರು ಅದನ್ನ ಬಳಸಲೇ ಇಲ್ಲ ಅಂದ್ರೆ ಅದು ನಿಮಗೇ ವಾಪಸ್, ಒಪ್ಪಂದದಲ್ಲಿ ಬೇರೆ ಥರ ಬರೆದಿರಬಾರದು ಅಷ್ಟೇ. ಅನುವಾದ, ಸಿನಿಮಾ, ಆಡಿಯೋ ಹಕ್ಕು ನಿಮ್ಮಲ್ಲೇ ಇಟ್ಕೊಳ್ಳಿ. ನನಗೆ ಮುಖಬೆಲೆಯ ನೂರಕ್ಕೆ 10 ರಾಯಧನ (ರಾಯಲ್ಟಿ), 20 ಗೌರವ ಪ್ರತಿ ಅಂತ ಮಾತಾಗಿತ್ತು. ಮೊದಲ ವರ್ಷದ ರಾಯಧನದಲ್ಲಿ ಮನೆಯವರಿಗೆ ಎಂಟಿಆರ್‌ನಲ್ಲಿ ಊಟ ಹಾಕಿಸ್ದೆ, ಸಿಹಿಗೆ ಮಾತ್ರ ಕೈಯಿಂದ ಹಾಕ್ಬೇಕಾಯ್ತು.

ಈಗ ನೀವು ಮಾಡಬೇಕಾದ್ದು: ಆ ಪ್ರಕಾಶಕರಿಗೆ ಒಂದು ಮೆಸೇಜ್, "ಇಂಥ ತಾರೀಖು 11 ಕತೆ ಕಳಿಸಿದ್ದೆ, ತಲುಪಿದೆಯಾ ಅಂತ ತಿಳಿಸಿದ್ರೆ ಸಾಕು." ಓದಿದ್ರಾ ಅಂತ ಕೇಳ್ಬೇಡಿ, ತಲುಪಿದೆಯಾ ಅಂತ ಕೇಳಿ, ಅದಕ್ಕೆ ಉತ್ತರ ಕೊಡೋದು ಸುಲಭ. ನವೆಂಬರ್ ಆಗಿದ್ರೆ ಕೇಳೋಕೇ ಹೋಗ್ಬೇಡಿ, ರಾಜ್ಯೋತ್ಸವದ ಪುಸ್ತಕ ಮಳಿಗೇಲಿ ನಿಂತು ಅವರಿಗೆ ಕಾಲು ಊದಿರುತ್ತೆ. ಇನ್ನೆರಡು ತಿಂಗಳು ನೋಡಿ, ಆಗ್ಲೂ ಇಲ್ಲ ಅಂದ್ರೆ ಹಸ್ತಪ್ರತಿ ವಾಪಸ್ ತಗೋತಿದೀನಿ ಅಂತ ಮೇಲ್ ಹಾಕಿ ಮುಂದಿನವರಿಗೆ ಕಳಿಸಿ.

ಆ 40 ಸಾವಿರದವರಿಗೆ ಬೇಕಾದ್ರೆ ಒಂದ್ಸಲ ಫೋನ್ ಮಾಡಿ, ನಿಮ್ಮ ನಾಲ್ಕನೇ ಕತೆ ಹೇಗನ್ನಿಸ್ತು ಅಂತ ಕೇಳಿ. ನನ್ನ ಸ್ನೇಹಿತನ ಕೈಲಿ ಒಬ್ರನ್ನ ಹಾಗೇ ಕೇಳಿಸಿದ್ದೆ. "ಸೂಪರ್ ಸಾರ್, 70 ಜಿಎಸ್‌ಎಂ ಪೇಪರ್ ಹಾಕ್ತೀವಿ" ಅಂದ್ರಂತೆ.