ಮೇಷ್ಟ್ರೇ, ಆ ಹುಡುಗರನ್ನು ತಡೆಯಬೇಡಿ

ಪತ್ರ: ನಮ್ಮೂರಿನ ನಾಲ್ಕು ಕಾಲೇಜು ಹುಡುಗರು ಭಾನುವಾರ ಅಂಗವಿಕಲರ ಮನೆಗಳಿಗೆ ಹೋಗಿ ಪಿಂಚಣಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ತುಂಬಿಕೊಡುತ್ತಿದ್ದಾರೆ. ದುಡ್ಡು ಮುಟ್ಟುವುದಿಲ್ಲ. ಆದರೆ ಇದು ಸರ್ಕಾರ ಮಾಡಿಸಬೇಕಾದ ಕೆಲಸ ಅಲ್ವಾ? ಹೀಗೆ ಪುಕ್ಕಟೆ ಮಾಡಿಕೊಟ್ಟರೆ ಕಚೇರಿಯವರು ಇನ್ನಷ್ಟು ಮೈಗಳ್ಳರಾಗುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದು ಸರಿ ಕಾಣುತ್ತಿಲ್ಲ.
– ನಿವೃತ್ತ ಶಿಕ್ಷಕರು, ಹೊಳಲ್ಕೆರೆ

ಉತ್ತರ: ಮೇಷ್ಟ್ರೇ, ಕೆಲಸ ಸರ್ಕಾರದ್ದೇ, ಒಪ್ಪಿದೆ. ಇದಕ್ಕೆಂದೇ ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ನಾವು ವಿಆರ್‌ಡಬ್ಲ್ಯೂ ಅನ್ನುತ್ತೇವಲ್ಲ, ಅವರು. ಅವರೂ ಅಂಗವಿಕಲರೇ. ಕೈಗೆ ಬರುವುದು ಗೌರವಧನ, ಸುತ್ತಬೇಕಾದ್ದು ಇಡೀ ಪಂಚಾಯ್ತಿಯ ಹಳ್ಳಿಗಳು. ಅಂಥವರಿಗೆ ನಾಲ್ಕು ಹುಡುಗರು ಹೆಗಲು ಕೊಟ್ಟಿದ್ದಾರೆ ಅಂತ ಓದಿ ನನಗಂತೂ ಹೊಟ್ಟೆ ತಣ್ಣಗಾಯಿತು.

ಎರಡು ವರ್ಷದ ಹಿಂದೆ ಜಗಳೂರು ಕಡೆಯ ಒಬ್ಬ ತಾಯಿ ದಾವಣಗೆರೆಯ ನಮ್ಮ ಪತ್ರಿಕೆಯ ಕಚೇರಿಗೆ ಬಂದರು. ಬಟ್ಟೆ ಅಂಗಡಿಯ ಕವರ್ ತುಂಬ ಮಗನ ಕಾಗದಗಳು. ಹುಟ್ಟಿನಿಂದಲೇ ಮಗನಿಗೆ ಬುದ್ಧಿ ಬೆಳವಣಿಗೆ ಕಮ್ಮಿ. ಅಂಗವಿಕಲ ವೇತನದ ಅರ್ಜಿ ಎರಡು ಸಲ ವಾಪಸ್ ಬಂದಿತ್ತು. ಯಾಕೆ ಅಂತ ಫೋನಿಗೆ ಮೆಸೇಜೂ ಬಂದಿತ್ತು, ಇಂಗ್ಲಿಷಿನಲ್ಲಿ! ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ತಿಪ್ಪೇಸ್ವಾಮಿ ಅಂತ ಹೆಸರಿಟ್ಟು ತಿಪ್ಪೇಶ ಅಂತ ಕರೆಯುವುದು, ಬರೆದುಕೊಳ್ಳುವವರಿಗೂ ಹಾಗೇ ಹೇಳಿಬಿಡುವುದು ಹೊಸದೇನಲ್ಲ. ಮೊದಲು ರೇಷನ್ ಕಾರ್ಡ್ ತಿದ್ದಿಸಿಕೊಂಡು ಬಾ ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ‘ಸರಿ ಇಲ್ಲಮ್ಮ, ತಗಂಡೋಗು’ ಅಂದಿದ್ದರು, ಅಷ್ಟೇ. ನಮ್ಮಲ್ಲಿ ಪುಟ ಕಟ್ಟುವ ಹುಡುಗ ಆಕೆಯ ಜೊತೆ ನಾಡಕಚೇರಿ, ಬ್ಯಾಂಕು ಅಂತ ಮೂರು ದಿನ ಓಡಾಡಿದ. ವೇತನ ಜಮೆಯಾದ ಮೇಲೆ ಆಕೆ ಮತ್ತೆ ಬಂದು ಸೆರಗಿನಿಂದ ಒಂದು ಸೇರು ಶೇಂಗಾ ನನ್ನ ಮೇಜಿನ ಮೇಲೆ ಸುರಿದರು.

ಸರ್ಕಾರ ಸರಿಹೋಗುವ ತನಕ ಆ ತಾಯಿ ಕಾಯಬೇಕಿತ್ತಾ ಮೇಷ್ಟ್ರೇ?

ಸೌಲಭ್ಯ ಇಲ್ಲದೆ ಕೆಟ್ಟವರಿಗಿಂತ ಗೊತ್ತಿಲ್ಲದೆ ಕೆಟ್ಟವರೇ ನಮ್ಮಲ್ಲಿ ಜಾಸ್ತಿ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು. 2016ರ ಕಾಯ್ದೆಯಲ್ಲಿ ಅದು 21 ಆಯಿತು. ಥಲಸ್ಸೀಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಎಲ್ಲ ಸೇರಿವೆ. ಥಲಸ್ಸೀಮಿಯಾ ಇರುವ ಮಗುವಿಗೆ ತಿಂಗಳು ತಿಂಗಳು ರಕ್ತ ಹಾಕಿಸುವ ಒಬ್ಬ ತಂದೆಗೆ ಇದನ್ನು ಹೇಳಿದೆ. ‘ನಮ್ಮ ಹುಡುಗನ ಕೈಕಾಲು ನೆಟ್ಟಗೇ ಇವೆಯಲ್ಲ ಸಾರ್’ ಅಂದ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ‘ನಿರಾಮಯ’ ಅಂತ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ಅಂಗವಿಕಲರ ಪುನರ್ವಸತಿ ಕೇಂದ್ರ, ನಮ್ಮ ದಾವಣಗೆರೆಯಲ್ಲೇ ಇದೆ. ಮೊಳಕಾಲ್ಮೂರಿನ ಹಳ್ಳಿಗೆ ಈ ಸುದ್ದಿ ಮುಟ್ಟಿಸುವವರು ಯಾರು? ಇಂಥ ಹುಡುಗರು ಹೋಗದ ಊರಿಗೆ ಬ್ರೋಕರ್ ಹೋಗುತ್ತಾನೆ. ಅವನು ಪುಕ್ಕಟೆ ಮಾಡುವುದಿಲ್ಲ.

ನಿಮ್ಮ ಮೇಲೆ ನನಗೊಂದು ಸಣ್ಣ ಸಿಟ್ಟಿದೆ. ಮೂವತ್ತು ವರ್ಷ ಅಕ್ಷರ ಕಲಿಸಿದ ಕೈ, ಎಷ್ಟು ಮುದ್ದಾದ ಅಕ್ಷರ ನಿಮ್ಮದು! ಒಂದು ಭಾನುವಾರ ಆ ಹುಡುಗರ ಜೊತೆ ಹೋಗಿ. ಎಷ್ಟೋ ಮನೆಗಳಲ್ಲಿ ನಿಮ್ಮ ಹಳೇ ಶಿಷ್ಯರೇ ಸಿಗುತ್ತಾರೆ. ಪ್ರತಿ ಕಾಗದದ ಜೆರಾಕ್ಸ್ ಇಟ್ಟುಕೊಳ್ಳಲು, ಸ್ವೀಕೃತಿ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅವರಿಗೆ ಹೇಳಿಕೊಡಿ. ಹುಡುಗರು ಅದನ್ನೇ ಮರೆಯುವುದು.

ಕಚೇರಿಯವರ ಮೈಗಳ್ಳತನದ ಮಾತು ಬಂತಲ್ಲ, ಅದಕ್ಕಿಂತ ನನ್ನನ್ನು ಸುಡುವುದು ಮೆಟ್ಟಿಲು. ಹಳೆಯ ಸರ್ಕಾರಿ ಕಟ್ಟಡಗಳನ್ನೂ ಅಂಗವಿಕಲರು ಓಡಾಡುವ ಹಾಗೆ ಐದು ವರ್ಷದೊಳಗೆ ಸರಿಮಾಡಬೇಕು ಅಂತ 2016ರ ಕಾಯ್ದೆಯಲ್ಲೇ ಇದೆ. ಗಡುವು ಮುಗಿದು ಕಾಲವಾಯಿತು. ಇವತ್ತಿಗೂ ಎಷ್ಟು ಕಚೇರಿಗಳು ಮಹಡಿ ಮೇಲಿವೆ, ಎಣಿಸಿ ನೋಡಿ.

ನಮ್ಮ ಅಕ್ಕನಿಗೆ ಪೋಲಿಯೊ. ಒಂದು ಸಹಿಗಾಗಿ ಅವಳನ್ನು ಇಂಥದ್ದೇ ಒಂದು ಕಚೇರಿಗೆ ಕರೆಸಿದ್ದರು. ಲಂಗದ ಅಂಚು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಊರಿ, ಒಂದೊಂದೇ ಮೆಟ್ಟಿಲು ಕೂತುಕೂತು ಹತ್ತಿದಳು. ಅವಳ ಊರುಗೋಲು ಹಿಡಿದು ನಾನು ಹಿಂದೆ. ಮೇಲೆ ಹೋದರೆ, ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ, ಸೋಮವಾರ ಬನ್ನಿ ಅಂದರು. ನನಗಾಗ ಹನ್ನೆರಡು ವರ್ಷ, ಏನೂ ತೋಚಲಿಲ್ಲ. ನಿಮ್ಮೂರಿನ ಆ ನಾಲ್ವರಲ್ಲಿ ಒಬ್ಬ ಅವತ್ತು ಜೊತೆಗಿದ್ದಿದ್ದರೆ, ಅಕ್ಕನನ್ನು ಕೆಳಗೆ ಕಟ್ಟೆಯ ಮೇಲೆ ಕೂರಿಸಿ, ಸಾಹೇಬರು ಇದ್ದಾರಾ ಅಂತ ತಾನು ಮೊದಲು ಮೇಲೆ ಓಡಿ ನೋಡಿಕೊಂಡು ಬರುತ್ತಿದ್ದ.

– ಸಂಪಾದಕ